ಸುರಪುರದ ದಾರಿಯಲ್ಲಿ ಕೆಂಪು ದೀಪ

ಹುಣಸೆಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಇಬ್ಬರು ಅಕ್ಕ-ತಂಗಿ ಇದ್ದರಂತೆ. ಮೊದಲು ಯಾರು ಕಣ್ಣು ಮುಚ್ಚುತ್ತಾರೋ ಅವರ ಮೈಗೆ ಉಳಿದವಳೇ ಕಡೇ ನೀರು ಹಾಕಬೇಕು ಅಂತ ಮಾತು ಕೊಟ್ಟುಕೊಂಡರಂತೆ. ನನ್ನ ನಾನಿ, ಅಮ್ಮನ ತಾಯಿ ದಾವಲಬೀ, ಈ ಕಥೆ ಎಷ್ಟು ಸಲ ಹೇಳಿದರೂ ಆ ತಂಗಿ ತಾನೇ ಅಂತ ಮಾತ್ರ ಹೇಳಿರಲಿಲ್ಲ.

ಮೊನ್ನೆ ನಸುಕಿನಲ್ಲಿ ಸುರಪುರದಿಂದ ಫೋನ್ ಬಂತು. ನಾನಿಯ ಅಕ್ಕ ಗುಡ್ಡಿ ತೀರಿಹೋಗಿದ್ದಳು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ದಫನ, ಅದಕ್ಕೂ ಮುಂಚೆ ಅವಳಿಗೆ ಸ್ನಾನ. "ಕಡೇ ನೀರು ನಾನ ಹಾಕಬೇಕು," ಅಂತ ನಾನಿ ಅಂದಾಗಲೇ ಕಥೆಯ ತಂಗಿ ಯಾರು ಅಂತ ನನಗೆ ತಿಳಿದದ್ದು.

ಸಾಯುವ ಮುಂಚಿನ ನಾಲ್ಕು ದಿನವೂ ಅವಳು ತಂಗಿಯನ್ನು ಕರೆತನ್ನಿ ಅಂತ ಕೇಳುತ್ತಲೇ ಇದ್ದಳು. ಸೊಂಟ ಮುರಿದ ನಾನಿಗೆ ಬಸ್ ಹತ್ತಲಾಗದು. "ಬ್ರೇಕ್ ಸರಿ ಮಾಡಿ ಕರ್ಕೊಂಡು ಹೋಗ್ತೀನಿ" ಅಂತ ತಡೆದವಳು ನಾನು. ಬಾಡಿಗೆ ಜೀಪು ತರಬಹುದಿತ್ತು. ಆದರೆ ಅಬ್ಬಾನ ಹಳೇ ಕಾರು ನನ್ನ ಕೈಯಿಂದಲೇ ಓಡಬೇಕು ಅನ್ನೋ ಹಂಬಲ. ಮೊಬೈಲಿನ ವಿಡಿಯೋ ನೋಡಿ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡ್ ಬದಲಿಸಿ ಮುಗಿಸಿದ್ದು ಹಿಂದಿನ ಸಂಜೆ.

ಶಹಾಪುರದ ಮನೆಯಿಂದ ಹೊರಟಾಗಲೇ ಬ್ರೇಕಿನ ಕೆಂಪು ದೀಪ ಹತ್ತಿತು. ತಾನೇ ಆರೀತು ಅಂದುಕೊಂಡೆ. ಭೀಮರಾಯನಗುಡಿ ಬಂದರೂ ಆರಲಿಲ್ಲ, ಮೇಲೆ ಸುಟ್ಟ ವಾಸನೆ. ನಿಲ್ಲಿಸಿದೆ. ಬ್ರೇಕ್ ಆಯಿಲ್ ತುಂಬಿತ್ತು. ಮುಂದಿನ ಒಂದು ಗಾಲಿ ಬಿಚ್ಚಿದೆ, ಮತ್ತೊಂದು ಬಿಚ್ಚಿದೆ. ಎಲ್ಲಾ ಇದ್ದಲ್ಲೇ ಇತ್ತು. ಗುಡ್ಡಿ ನಾನಿಯ ಸೊಸೆ ಫರ್ಹತ ಫೋನ್ ಮಾಡಿದಳು: "ನೀರು ಕಾಯಾಕ ಇಟ್ಟಾರ. ಎಲ್ಲಿದ್ದೀರಿ?" ಕೈಯಲ್ಲಿದ್ದ ಬೋಲ್ಟು ಮಣ್ಣಿಗೆ ಬಿತ್ತು. ಕಾರಿನೊಳಗೆ ಕೂತ ನಾನಿ ಕಿಟಕಿಯಿಂದ ನನ್ನ ಕೈಯನ್ನೇ ನೋಡುತ್ತಿದ್ದಳು. ಬೈದಿದ್ದರೆ ಚಲೋ ಇತ್ತು.

ಎದುರಿನ ಪಂಕ್ಚರ್ ಅಂಗಡಿಯ ಅಮೋಘಸಿದ್ದ ಕೈ ಒರೆಸುತ್ತ ಬಂದ.

"ಬ್ರೇಕ್ ಯಾರು ಹಾಕ್ಯಾರವ್ವ?"

"ನಾನೇ ರೀ. ಮೊಬೈಲ್ ನೋಡಿ."

"ಮೊಬೈಲ್ ನೋಡಿ ಬಿರ್ಯಾನಿ ಮಾಡಿದ್ರ ಉಪ್ಪು ಹೆಚ್ಚಾಗ್ತದ, ಅಷ್ಟ. ಇದು ಬ್ರೇಕ್ ಅದ!" ಬಗ್ಗಿ ನೋಡಿದ, ದನಿ ಇಳಿಯಿತು. "ಕೆಲ್ಸೇನೋ ಬರೋಬ್ಬರಿ ಮಾಡೀದಿ." ಹಿಂದಿನ ಗಾಲಿ ಮುಟ್ಟಿ ಕೈ ಝಾಡಿಸಿದ. "ಇವು ಹಿಡದು ಕಾದಾವ. ಹ್ಯಾಂಡ್‌ಬ್ರೇಕ್ ಇಳಸೀದಿಲ್ಲೋ?"

"ಅಷ್ಟೂ ಗೊತ್ತಿಲ್ಲೇನ್ರಿ ನನಗ?"

ಅವನು ಹಿಡಿಯನ್ನು ಒತ್ತಿದ. ಬೆರಳಷ್ಟು ಮೇಲೇ ನಿಂತಿತು. ಬುಡದ ಕವರಿನೊಳಗೆ ಹಸಿರು ಬಟ್ಟೆಯ ಗಂಟು ಸಿಕ್ಕಿಕೊಂಡಿತ್ತು, ಗಂಟಿನಲ್ಲಿ ನಾಣ್ಯ. ಇಮಾಮ್ ಜಾಮಿನ್. ದಾರಿಯಲ್ಲಿ ಕೇಡಾಗದಿರಲಿ ಅಂತ ಪ್ರಯಾಣಕ್ಕೆ ಹೊರಟವರ ತೋಳಿಗೆ ನಮ್ಮಲ್ಲಿ ಕಟ್ಟುತ್ತಾರೆ.

"ನಾನೇ ಕಟ್ಟೀನಪ್ಪ," ಅಂದಳು ನಾನಿ. "ಇಕಿ ನಾ ಊರ್ಕೊಂಡು ನಡ್ಯೋ ಬಡಗಿ ತರಾಕ ಒಳಗ ಹೋಗಿದ್ಲು. ಗಾಡೀಗಿ ತೋಳು ಅಂತ ಕಂಡಿದ್ದು ಅದೊಂದ. ಇಕಿ ರಿಪೇರಿ ಮ್ಯಾಲ ನನಗ ಅಂಜಿಕಿ ಇತ್ತು."

ಅಮೋಘಸಿದ್ದ ನಗಲು ಹೋದವನು ಅವಳ ಮುಖ ನೋಡಿ ಗಂಟಿಗೆ ಕೈ ಹಾಕಿದ. ಗಂಟು ಉಗುರಿಗೆ ಸಿಗಲಿಲ್ಲ, ಬ್ಲೇಡಿನಿಂದ ಕತ್ತರಿಸಿದ. ಹಿಡಿ ಇಳಿಯಿತು, ದೀಪ ಆರಿತು. ಗಾಲಿ ಜೋಡಿಸಿಕೊಟ್ಟು, "ಹಿಂದಿನವು ಇನ್ನಾ ಹತ್ತು ನಿಮಿಷ ತಣ್ಣಗಾಗ್ಲಿ," ಅಂದ.

ಆ ಹತ್ತು ನಿಮಿಷವೂ ನಾನಿ ರಸ್ತೆಯನ್ನೇ ನೋಡುತ್ತಿದ್ದಳು. ಅಕ್ಕನಿಗೆ ಜೀವ ಇದ್ದಾಗ ಇವಳನ್ನು ಮುಟ್ಟಿಸಲಿಲ್ಲ, ಈಗ ಕಡೇ ನೀರೂ ತಪ್ಪಿತು ಅನ್ನಿಸಿ ನನಗೆ ಅವಳ ಪಕ್ಕ ಕೂಡಲಾಗಲಿಲ್ಲ.

ಸುರಪುರದ ಮನೆಯಲ್ಲಿ ಪರದೆ ಕಟ್ಟಿದ್ದರು. ಎರಡು ಸಲ ನೀರು ಹಾಕಿ ಆಗಿತ್ತು. ಕಡೇ ಸಲದ ಕರ್ಪೂರದ ನೀರೊಂದು ಉಳಿದಿತ್ತು. ಫರ್ಹತ ನಾನಿಯ ಕೈಗೆ ತಂಬಿಗೆ ಕೊಟ್ಟಳು. ನಾನು ಹಿಂದಿನಿಂದ ನಾನಿಯ ಸೊಂಟ ಹಿಡಿದು ನಿಂತೆ.

"ತಡಾ ಆತು, ಆಪಾ," ಅಂತ ನಾನಿ ಅಕ್ಕನಿಗೆ ಅಂದಳು. ತಲೆಯಿಂದ ಹಿಡಿದು ಬಲಕ್ಕೆ, ಎಡಕ್ಕೆ, ಪಾದದವರೆಗೂ ನೀರು ಸುರಿದಳು.