ಬಾನೆಟ್ಟಿನ ಮೇಲೆ ತೀರ್ಥ

ಕಾರು ಅಸಿಮೀನಾಳದು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ದಿನಗಳಲ್ಲಿ ಅವಳ ಗಂಡ ಲಾಂಬ್ರೋಸ್‌ನನ್ನು ನೋಡಿದ ಯಾರಿಗೂ ಹಾಗೆ ಅನ್ನಿಸುತ್ತಿರಲಿಲ್ಲ. ವೋಲೊಸ್ ಪಟ್ಟಣದ ಪಕ್ಕದ ಅಗ್ರಿಯಾದಲ್ಲಿ, ಕಡಲ ದಂಡೆಯ ಖಾನಾವಳಿಯೊಂದರಲ್ಲಿ ಜೀವಮಾನವಿಡೀ ಮೀನು ಹುರಿದು, ನಿವೃತ್ತಳಾದಾಗ ಕೈಗೆ ಬಂದ ಇಡಿಗಂಟಿನಿಂದ ಅವಳೇ ಕೊಂಡ ಕಾರು ಅದು. ಕಡುನೀಲಿ ಬಣ್ಣ. ಐವತ್ತಾರನೇ ವಯಸ್ಸಿನಲ್ಲಿ, ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲಕ್ಕೆ ಲೈಸೆನ್ಸ್ ಗಿಟ್ಟಿಸಿದವಳೂ ಅವಳೇ. ಮದುವೆಯಾದಂದಿನಿಂದ ಲಾಂಬ್ರೋಸ್‌ನ ಹಳೆ ವ್ಯಾನಿನಲ್ಲಿ, ಟರ್ಪೆಂಟೈನ್ ವಾಸನೆ ಕುಡಿಯುತ್ತಾ, ಪಕ್ಕದ ಸೀಟಿನಲ್ಲಿ ಕೂತು ಕೂತು ಅವಳಿಗೆ ಸಾಕಾಗಿ ಹೋಗಿತ್ತು. ಅವನು ಹೊರಟರೆ ಹೊರಡಬೇಕು, ಅವನಿಗೆ ಹಸಿವಾದರೆ ವಾಪಸ್ ಬರಬೇಕು.

ಅವಳಿಗೆ ಇದ್ದದ್ದು ಒಂದೇ ಆಸೆ. ಬೆಟ್ಟದಾಚೆ ಝಗೋರಾದಲ್ಲಿ ತಂಗಿ ಫೋಟಿನಿಯ ಸೇಬಿನ ತೋಟವಿದೆ. ಸೆಪ್ಟೆಂಬರಿನಲ್ಲಿ ಸೇಬು ಕೀಳುವ ಹೊತ್ತಿಗೆ ತಾನೇ ಕಾರು ಓಡಿಸಿಕೊಂಡು ಬಂದು ಅವಳ ಅಂಗಳದಲ್ಲಿ ನಿಲ್ಲಿಸುತ್ತೇನೆ ಎಂದು ಅಸಿಮೀನಾ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಫೋಟಿನಿ ಬಿದ್ದು ಬಿದ್ದು ನಕ್ಕಿದ್ದಳು.

"ನೀನಾ? ಆ ತಿರುವುಗಳಲ್ಲಾ? ಬಸ್ಸಿಗೆ ಬಾರೇ ಅಕ್ಕ, ಜೀವ ಉಳಿಸ್ಕೋ."

ಆ ನಗು ಅಸಿಮೀನಾಳ ಕಿವಿಯಲ್ಲಿ ಇನ್ನೂ ಕೂತಿತ್ತು.

ತಕರಾರು ಹುಟ್ಟಿದ್ದು ಶೋರೂಮಿನಲ್ಲಿ. ಕಾಗದಪತ್ರ ಎಲ್ಲ ಮುಗಿದ ಮೇಲೆ ಅಲ್ಲಿನ ಹುಡುಗ ವಾಯೋಸ್, ಕೂದಲಿಗೂ ಪಾಲಿಶ್ ಹಚ್ಚಿಕೊಂಡವನ ಹಾಗಿದ್ದವನು, ಲಾಂಬ್ರೋಸ್ ಕಡೆ ತಿರುಗಿ ಇನ್ನೊಂದು ಮಾತು ತೆಗೆದ.

"ಯಜಮಾನ್ರೇ, ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡಿ. ಉಪ್ಪುಗಾಳಿ, ಬಿಸಿಲು, ಹಕ್ಕಿ ಹಿಕ್ಕೆ, ಐದು ವರ್ಷ ಏನೂ ತಾಗಲ್ಲ. ಎರಡು ದಿನ ಗಾಡಿ ನಮ್ಮಲ್ಲೇ ಬಿಡಿ, ಸಾಕು."

ಬೆಲೆ ಕೇಳಿದರೆ ಹೆಚ್ಚುಕಡಿಮೆ ಅವಳ ಒಂದು ತಿಂಗಳ ಪಿಂಚಣಿ. ಆದರೂ ಅಸಿಮೀನಾ ಕೈಚೀಲಕ್ಕೆ ಕೈ ಹಾಕಿದಳು. ಹೋದರೆ ಹೋಗಲಿ, ಎರಡು ದಿನದಲ್ಲಿ ಕಾರು ಕೈಗೆ ಬರುತ್ತದಲ್ಲ.

ಲಾಂಬ್ರೋಸ್ ಅವಳ ಕೈ ಹಿಡಿದುಕೊಂಡ. ಅವನು ದೋಣಿಕಟ್ಟೆಯಲ್ಲಿ ದೋಣಿಗಳಿಗೆ ಬಣ್ಣ ಹೊಡೆದೇ ಮುದುಕನಾದವನು. ಬಣ್ಣ ಕಾಯುವುದಕ್ಕೆ ತಾನು ಇನ್ನೊಬ್ಬನಿಗೆ ದುಡ್ಡು ಕೊಡುವುದೇ? ಅವನ ಮೀಸೆ ಕುಣಿಯಿತು.

"ಬಣ್ಣ ಕಾಯೋದು ಹೇಗೆ ಅಂತ ನೀನು ನನಗೆ ಹೇಳಿಕೊಡ್ತೀಯಾ ಮಗನೇ?"

"ದೋಣಿ ಬೇರೆ, ಕಾರು ಬೇರೆ ಯಜಮಾನ್ರೇ."

"ಎರಡೂ ನೆಕ್ಕೋದು ಅದೇ ಉಪ್ಪು. ಆ ಕೋಟಿಂಗಿನ ಶೀಶೆ ತರಿಸ್ಕೊಂಡು ನಾನೇ ಹಚ್ತೀನಿ. ನೋಡೋಕೆ ನೀನೂ ಬಾ, ಫೀಸು ಕೇಳಲ್ಲ."

ಅಲ್ಲಿಂದ ಮನೆಗೆ ಕಾರು ಓಡಿಸಿದ್ದು ಲಾಂಬ್ರೋಸ್. "ದಾರೀಲಿ ಕಲ್ಲು ಹಾರುತ್ತೆ, ಮೊದಲು ಕೋಟಿಂಗ್ ಆಗ್ಲಿ, ಆಮೇಲೆ ನೀನು ಬೇಕಾದ್ರೆ ಅಥೆನ್ಸ್‌ಗೇ ಹೋಗು" ಎಂದ. ತನ್ನದೇ ಹೊಸ ಕಾರಿನಲ್ಲಿ ಅಸಿಮೀನಾ ಮತ್ತೆ ಪಕ್ಕದ ಸೀಟಿನಲ್ಲಿ ಕೂತಳು. ಕಾರು ಓಡಿಸಲು ಹೊಲಿಸಿಕೊಂಡ ಹೊಸ ಬಟ್ಟೆ ಬೇರೆ ತೊಟ್ಟಿದ್ದಳು. ಅವಳಿಗೆ ಅಳು ಬರುವುದೊಂದು ಬಾಕಿ.

ಶೀಶೆ ಬರುವವರೆಗೆ ಕಾರು ಗ್ಯಾರೇಜಿನಲ್ಲಿ. ಧೂಳು ಕೂರಬಾರದೆಂದು ಅದರ ಮೇಲೆ ಅಸಿಮೀನಾಳ ಅಮ್ಮ ಮದುವೆಗೆ ಕಸೂತಿ ಹಾಕಿ ಕೊಟ್ಟಿದ್ದ ಹೊದಿಕೆ. ಕೇಳಿದ್ದರೆ ಅವಳು ಕೊಡುತ್ತಿರಲಿಲ್ಲ, ಅದಕ್ಕೇ ಅವನು ಕೇಳಿರಲಿಲ್ಲ. ಎದುರುಮನೆಯ ಮರಿಗೋ ಅಜ್ಜಿ ಕಾರು ನೋಡಲು ಬಂದು, ಹೊದಿಕೆ ಎತ್ತಿ, "ಎಂಥಾ ಚಂದ ಇದೆ, ಯಾರ ಕಣ್ಣೂ ಬೀಳದಿರಲಿ, ಥೂ ಥೂ ಥೂ" ಎಂದು ಬಾನೆಟ್ಟಿನ ಮೇಲೆ ಮನಸಾರೆ ಉಗಿದಳು. ಉಳಿದವರೆಲ್ಲ ಬಾಯಲ್ಲಿ ಸದ್ದು ಮಾತ್ರ ಮಾಡುತ್ತಾರೆ. ಮರಿಗೋ ಅಜ್ಜಿ ಎಲ್ಲದರಲ್ಲೂ ಧಾರಾಳಿ. ಲಾಂಬ್ರೋಸ್ ಬಟ್ಟೆ ಹಿಡಿದು ಹಾರಿಬಂದ.

"ಅಜ್ಜೀ, ದೃಷ್ಟಿ ತೆಗೀತಿದೀಯೋ, ತೊಳೀತಿದೀಯೋ?"

"ಒರೆಸ್ಬೇಡ್ವೋ, ಒರೆಸಿದ್ರೆ ಫಲ ಇಲ್ಲ!"

ಒರೆಸಿಯೇ ಒರೆಸಿದ. ಅವತ್ತಿನಿಂದ ಗ್ಯಾರೇಜಿಗೆ ಬೀಗ ಬಿತ್ತು. ಒಂದು ಬೀಗದ ಕೈ ಅವನ ಜೇಬಿನಲ್ಲಿ, ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ.

ಶೀಶೆ ಬಂತು. ಆಗಸ್ಟ್ ಕೊನೆಯ ದಿನ ಲಾಂಬ್ರೋಸ್ ಮೊಣಕಾಲೂರಿ ಕೆಲಸಕ್ಕೆ ಕೂತ. ತೊಳೆದ, ಒಣಗಿಸಿದ, ಅಂಗೈ ಸವರಿ ಸವರಿ ನೋಡಿದ, ಆಮೇಲೆ ಹನಿಹನಿಯಾಗಿ ಹಚ್ಚಿ, ಕಾದು, ಒರೆಸಿದ. ಸುಳ್ಳು ಯಾಕೆ ಹೇಳಬೇಕು, ಕೆಲಸ ಅಚ್ಚುಕಟ್ಟಾಗಿತ್ತು. ಬಾಗಿಲಿನಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆಯಬಹುದಿತ್ತು. ಅಸಿಮೀನಾಳಿಗೂ ಗಂಡನ ಮೇಲೆ ಹೆಮ್ಮೆ ಉಕ್ಕಿತು. ಅದು ಅವನು ಬಾಯಿ ತೆರೆಯುವವರೆಗೆ.

"ಇನ್ನೊಂದು ವಾರ ಒಂದು ಹನಿ ನೀರು ಬೀಳೋ ಹಾಗಿಲ್ಲ. ಒಂದು ಹನಿ! ಬಿದ್ರೆ ಅಲ್ಲೇ ಕಲೆ ಕೂತ್ಕೊಳುತ್ತೆ."

"ಸರಿ. ವಾರ ಆದ್ಮೇಲೆ ನಾನು ಝಗೋರಾಗೆ ಹೋಗ್ತೀನಿ."

"ವಾರ ಆದ್ಮೇಲೆ ಎರಡನೇ ಕೋಟು."

"ಅದಾದ್ಮೇಲೆ?"

"ಅದು ಒಣಗೋದ್ರೊಳಗೆ ಮಳೆ ಶುರುವಾಗುತ್ತೆ ಮಾರಾಯ್ತಿ. ಆ ರಸ್ತೆ ಕೆಸರಲ್ಲಿ ಹೊಸ ಗಾಡಿ ಇಳಿಸ್ತಾರಾ ಯಾರಾದ್ರೂ? ವಸಂತಕ್ಕೆ ನೋಡೋಣ."

ಅಸಿಮೀನಾ ಏನೂ ಹೇಳಲಿಲ್ಲ. ಅವಳು ಕೂಗಾಡಿದರೆ ಯಾರೂ ಹೆದರಬೇಕಾಗಿಲ್ಲ, ಪಾತ್ರೆ ಎರಡು ಸದ್ದು ಮಾಡಿ ಸುಮ್ಮನಾಗುತ್ತವೆ. ಸುಮ್ಮನಿದ್ದರೆ ಹುಷಾರಾಗಿರಬೇಕು. ಲಾಂಬ್ರೋಸ್‌ಗೆ ಇಷ್ಟು ವರ್ಷವಾದರೂ ಅದು ತಲೆಗೆ ಹತ್ತಿರಲಿಲ್ಲ.

ಮರುದಿನ ಸೆಪ್ಟೆಂಬರ್ ಒಂದು. ಪ್ರತಿ ತಿಂಗಳ ಮೊದಲ ದಿನ ಚರ್ಚಿನ ಪಾದ್ರಿ ಪಾಪಾ ಝೀಸಿಸ್ ಮನೆಮನೆಗೆ ಬಂದು ತೀರ್ಥ ಚಿಮುಕಿಸುತ್ತಾರೆ. ಒಂದು ಕೈಯಲ್ಲಿ ಶಿಲುಬೆ ಮತ್ತು ಕಾಮಕಸ್ತೂರಿಯ ದೊಡ್ಡ ಕಟ್ಟು, ಇನ್ನೊಂದರಲ್ಲಿ ತೀರ್ಥದ ತಂಬಿಗೆ. ಲಾಂಬ್ರೋಸ್ ರೊಟ್ಟಿ ತರುವ ನೆಪದಲ್ಲಿ ಕಾಫಿ ಅಂಗಡಿಗೆ ಹೋಗಿ ತನ್ನ ಕೋಟಿಂಗಿನ ಪ್ರತಾಪ ಹೇಳಿಕೊಳ್ಳುತ್ತಿದ್ದ. ಪಾಪಾ ಝೀಸಿಸ್ ಅಡುಗೆಮನೆ, ಮಲಗುವ ಕೋಣೆ, ಮೆಟ್ಟಿಲು ಎಲ್ಲ ಮುಗಿಸಿ ಹೊರಡುವಾಗ ನಿಂತರು.

"ಹೊಸ ಗಾಡಿ ಬಂದಿದೆಯಂತಲ್ಲಮ್ಮ, ಮರಿಗೋ ಹೇಳಿದ್ಲು. ಅದಕ್ಕೂ ಒಂದೆರಡು ಹನಿ ಹಾಕಿಬಿಡ್ಲಾ?"

ಮುಂದಿನ ತಿಂಗಳು ಹಾಕಿ ಗುರುಗಳೇ, ಅನ್ನಬಹುದಿತ್ತು. ಬೀಗದ ಕೈ ಕಳೆದಿದೆ ಅನ್ನಬಹುದಿತ್ತು. ಅಸಿಮೀನಾ ಮೊಳೆಯ ಕಡೆ ನೋಡಿದಳು. ಪಕ್ಕದ ಸೀಟು ನೆನಪಾಯಿತು, ಫೋಟಿನಿಯ ನಗು ನೆನಪಾಯಿತು, ಕಾರಿನ ಮೇಲೆ ಹಾಸಿದ್ದ ಅಮ್ಮನ ಹೊದಿಕೆ ನೆನಪಾಯಿತು.

"ಅದಕ್ಕೇನಂತೆ ಗುರುಗಳೇ, ಬನ್ನಿ" ಎಂದಳು.

ಗ್ಯಾರೇಜಿನ ಬಾಗಿಲು ತೆಗೆದು, ಹೊದಿಕೆ ಎಳೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡಳು. ಪಾಪಾ ಝೀಸಿಸ್ ಒಂದೆರಡು ಹನಿಯ ಮನುಷ್ಯರಲ್ಲ. ಕಟ್ಟನ್ನು ತಂಬಿಗೆಯಲ್ಲಿ ಮುಳುಗಿಸಿ, ಕೊಡವಿ, ಬಾನೆಟ್ಟಿಗೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎರಚಿದರು, ಛಾವಣಿಗೆ ಎರಚಿದರು, ನಾಲ್ಕೂ ಬಾಗಿಲಿಗೆ ಎರಚಿದರು. ಮಂತ್ರ ಜೋರಾದಷ್ಟೂ ನೀರೂ ಜೋರಾಯಿತು.

ಆಗಲೇ ಲಾಂಬ್ರೋಸ್ ಗೇಟಿನೊಳಗೆ ಬಂದ. ರೊಟ್ಟಿ ಕೈಯಿಂದ ಜಾರಿತು. ಬಾಯಿ ತೆರೆದ, ಆದರೆ ಶಿಲುಬೆ ಹಿಡಿದವರ ಮೇಲೆ ಕೂಗುವುದು ಹೇಗೆ? ಪಾಪಾ ಝೀಸಿಸ್ ತಿರುಗಿ, "ಬಾರಪ್ಪ, ಶುಭವಾಗಲಿ!" ಎಂದು ಅವನ ಮುಖಕ್ಕೂ ಒಂದು ಸಲ ಎರಚಿ ಶಿಲುಬೆ ಮುಂದೆ ಹಿಡಿದರು. ಇಂಗು ತಿಂದ ಮಂಗನ ಹಾಗೆ ಅವನು ಅದಕ್ಕೆ ಮುತ್ತಿಟ್ಟ.

ಗುರುಗಳು ಮರೆಯಾದದ್ದೇ ತಡ, ಬಟ್ಟೆ ತಂದು ಒತ್ತಿದ, ಉಜ್ಜಿದ, ಉಫ್ ಎಂದು ಊದಿದ. ಹನಿಗಳು ಕೂತಲ್ಲಿ ಕೂತಿದ್ದವು. ಬಾನೆಟ್ಟಿನ ತುಂಬ ಬೂದುಬಣ್ಣದ ಚುಕ್ಕಿಗಳು, ಓರೆಯಾದ ಶಿಲುಬೆಯ ಆಕಾರದಲ್ಲಿ. ಅವನು ಕೂಗಾಡಲಿಲ್ಲ. ಬಾಗಿಲು ಯಾರು ತೆಗೆದರು ಎಂದೂ ಕೇಳಲಿಲ್ಲ. ಅದೇ ಅಸಿಮೀನಾಳಿಗೆ ಚುಚ್ಚಿತು. ಎರಡು ದಿನ ಅವಳು ಅವನಿಗಿಷ್ಟದ ಅಡುಗೆಯನ್ನೇ ಮಾಡಿ ಬಡಿಸಿದಳು. ಅವನು ಅರ್ಧ ತಿಂದು ಎದ್ದ.

ಮೂರನೇ ದಿನ, ಅಭಿಮಾನವನ್ನೆಲ್ಲ ಗಂಟುಕಟ್ಟಿಟ್ಟು, ಲಾಂಬ್ರೋಸ್ ಅವಳನ್ನೂ ಕರೆದುಕೊಂಡು ಶೋರೂಮಿಗೆ ಹೋದ. ವಾಯೋಸ್ ಬಾನೆಟ್ಟಿನ ಮೇಲೆ ಬಗ್ಗಿ ನೋಡಿ ತುಟಿ ಕಚ್ಚಿಕೊಂಡ.

"ಕೋಟಿಂಗ್ ಚೆನ್ನಾಗೇ ಹಚ್ಚಿದೀರಿ ಯಜಮಾನ್ರೇ, ನಮ್ಮವರಿಗಿಂತ ಚೆನ್ನಾಗಿದೆ. ಆದ್ರೆ ಹಸಿ ಇದ್ದಾಗಲೇ ನೀರು ಬಿದ್ದಿದೆ. ನಮ್ಮಲ್ಲಿ ಬಿಟ್ಟಿದ್ರೆ ಬಾಗಿಲು ಹಾಕಿದ ಕೋಣೆ, ಒಂದು ನೊಣಾನೂ ಬರ್ತಿರ್ಲಿಲ್ಲ. ಇರ್ಲಿ, ಮೆಷಿನ್‌ನಲ್ಲಿ ಉಜ್ಜಿ ತೆಗೆದ್ರಾಯ್ತು." ಮೆಷಿನ್ ಕೈಗೆತ್ತಿಕೊಂಡವನು ಸುಮ್ಮನೆ ಕೇಳಿದ, "ಏನು ನೀರು ಇದು? ನಲ್ಲೀದಾ?"

"ತೀರ್ಥ," ಎಂದ ಲಾಂಬ್ರೋಸ್.

ವಾಯೋಸ್ ಮೆಷಿನ್ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ಅಯ್ಯೋ, ನಾನು ಮುಟ್ಟಲ್ಲಪ್ಪ. ತೀರ್ಥ ಉಜ್ಜಿ ತೆಗೆದೆ ಅಂತ ನಮ್ಮಮ್ಮನಿಗೆ ಗೊತ್ತಾದ್ರೆ ಮನೆಗೆ ಸೇರಿಸಲ್ಲ. ಎಷ್ಟು ಕೊಟ್ರೂ ಬೇಡ."

ಲಾಂಬ್ರೋಸ್ ಹೊರಗೆ ಬಂದು ಅಂಗಳದ ಮೋಟುಗೋಡೆಯ ಮೇಲೆ ಕುಸಿದು ಕೂತ. ಅಸಿಮೀನಾ ಪಕ್ಕದಲ್ಲಿ ಕೂತಳು.

"ನಿನಗೆ ನಾನು ಯಾವತ್ತೂ ಹೊಸದು ಅಂತ ಏನೂ ತಂದುಕೊಡ್ಲಿಲ್ಲ," ಎಂದ, ತನ್ನ ಬೂಟು ನೋಡುತ್ತಾ. "ವ್ಯಾನು ಹಳೇದು, ಫ್ರಿಜ್ಜು ಹಳೇದು. ಇದನ್ನೂ ನೀನೇ ತಗೊಂಡೆ. ಹೊಸದು ಹೊಸದಾಗೇ ಇರೋ ಹಾಗೆ ನೋಡ್ಕೊಳ್ಳೋಣ, ಅಷ್ಟಾದ್ರೂ ನನ್ನ ಕೈಯಿಂದ ಆಗ್ಲಿ ಅಂದ್ಕೊಂಡೆ."

ಇಷ್ಟು ದಿನ ಈ ಮನುಷ್ಯ ಕಾರನ್ನು ತನ್ನ ಕೈಗೆ ಸಿಗದಂತೆ ಕಾಯುತ್ತಿದ್ದಾನೆ ಎಂದೇ ಅಸಿಮೀನಾ ತಿಳಿದಿದ್ದಳು. ಅವನ ಬಣ್ಣದ ಕಲೆಯ ಒರಟು ಕೈಯನ್ನು ಒಮ್ಮೆ ಒತ್ತಿ ಹಿಡಿದಳು. ಆಮೇಲೆ ತನ್ನ ಅಂಗೈ ಚಾಚಿದಳು.

"ಕೀ ಕೊಡು."

ಕೊಟ್ಟ. ಅವಳು ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಗಾಡಿಯನ್ನು ರಸ್ತೆಗೆ ತಂದು ಬೆಟ್ಟದ ಕಡೆ ತಿರುಗಿಸಿದಳು.

"ಮನೆ ಆ ಕಡೆ," ಎಂದ ಲಾಂಬ್ರೋಸ್.

"ಗೊತ್ತು. ಝಗೋರಾ ಈ ಕಡೆ."

ತಿರುವು ಬಂದಾಗಲೆಲ್ಲ ಅವನು ಇಲ್ಲದ ಬ್ರೇಕನ್ನು ಒತ್ತಿದ. ಬಸ್ಸು ಎದುರಾದಾಗ ಸಂತರ ಹೆಸರನ್ನೆಲ್ಲ ಸಾಲಾಗಿ ಹೇಳಿದ. ದಟ್ಟ ಮರಗಳ ನೆರಳಿನಲ್ಲಿ ಒಂದು ಕಡೆ ಮೇಕೆಗಳು ಅಡ್ಡ ಬಂದವು. ಅಸಿಮೀನಾ ಅಂಚಿಗೆ ಸರಿದಳು, ಮುಳ್ಳುಪೊದೆಯೊಂದು ಬಾಗಿಲಿನ ಉದ್ದಕ್ಕೂ ಕರ್ರ್ ಎಂದು ಗೀರಿತು. ಲಾಂಬ್ರೋಸ್ ಕಣ್ಣು ಮುಚ್ಚಿಕೊಂಡ. ಈಗಲ್ಲದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಎನ್ನಿಸಿತು ಅವಳಿಗೆ.

"ಲಾಂಬ್ರೋಸ್, ಅವತ್ತು ಗ್ಯಾರೇಜ್ ಬಾಗಿಲು ತೆಗೆದಿದ್ದು ನಾನೇ. ಬೇಕು ಅಂತಲೇ."

"ಗೊತ್ತು ಬಿಡು. ಬೀಗದ ಕೈ ನಮ್ಮಿಬ್ಬರ ಹತ್ರ ಬಿಟ್ರೆ ಪಾಪಾ ಝೀಸಿಸ್ ಹತ್ರ ಇಲ್ವಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ನಿಮ್ಮಮ್ಮನ ಹೊದಿಕೆ ಮಡಚಿ ಕಂಕುಳಲ್ಲಿ ಇಟ್ಕೊಂಡಿದ್ದೆಯಲ್ಲ, ನೋಡ್ದೆ. ಬೈಯೋಕೆ ಬಾಯಿ ಬರ್ಲಿಲ್ಲ." ಎದುರಿನ ತಿರುವಿಗೆ ಕೈ ತೋರಿಸಿ ಸೇರಿಸಿದ, "ರಸ್ತೆ ನೋಡಿ ಓಡಿಸು, ಮಾರಾಯ್ತಿ."

ಫೋಟಿನಿ ಸೇಬಿನ ಬುಟ್ಟಿ ಹೊತ್ತು ಅಂಗಳಕ್ಕೆ ಬಂದವಳು ಚಾಲಕಿಯ ಬಾಗಿಲಿನಿಂದ ಇಳಿದ ಅಕ್ಕನನ್ನು ನೋಡಿ ಬುಟ್ಟಿ ಇಳಿಸುವುದನ್ನೇ ಮರೆತಳು. ಅಸಿಮೀನಾ ಕೀಯನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದಳು. ಅಷ್ಟು ಸಾಕಾಗಿತ್ತು. ತಂಗಿ ಓಡಿಬಂದು ಅಪ್ಪಿಕೊಂಡು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಥೂ ಥೂ ಥೂ" ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿದಳು.

"ಇದೇನು ಭಾವ, ಬಾನೆಟ್ ತುಂಬ ಚುಕ್ಕಿ?"

"ಪಾಪಾ ಝೀಸಿಸ್ ಕೋಟಿಂಗ್," ಎಂದ ಲಾಂಬ್ರೋಸ್, ಎದೆಯುಬ್ಬಿಸಿ. "ಡೀಲರ್ ಹತ್ರ ಎಷ್ಟು ದುಡ್ಡು ಕೊಟ್ರೂ ಸಿಗಲ್ಲ."

ಸಂಜೆ ಹೊರಡುವ ಹೊತ್ತಿಗೆ ಹಿಂದಿನ ಸೀಟು ಸೇಬಿನಿಂದ ತುಂಬಿತ್ತು, ಕಾರಿನ ಮೈಯೆಲ್ಲ ಬೆಟ್ಟದ ಧೂಳು. ಲಾಂಬ್ರೋಸ್ ಜೇಬಿನಿಂದ ಬಟ್ಟೆ ತೆಗೆದ. ಶುರುವಾಯಿತು ಇವನದು, ಎಂದುಕೊಂಡಳು ಅಸಿಮೀನಾ. ಅವನು ಬಾನೆಟ್ಟನ್ನು ದಾಟಿ, ಗೀರನ್ನೂ ದಾಟಿ, ಅವಳ ಕಡೆಯ ಹೊರಗನ್ನಡಿಯನ್ನು ಮಾತ್ರ ನಿಧಾನವಾಗಿ ಒರೆಸಿದ. ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡ.

"ಹಿಂದೆ ಚೆನ್ನಾಗಿ ಕಾಣ್ತಿದೆಯಾ?" ಎಂದು ಕೇಳಿದ.

"ಕಾಣ್ತಿದೆ," ಎಂದು ಅಸಿಮೀನಾ ಗಾಡಿ ಹೊರಡಿಸಿದಳು.