ಅತಿಥಿಗಳಿಗಾಗಿ ಒಣಗಿಸಿದ ಹೊಳೆ

ಅಣೆಕಟ್ಟಿನ ಕೆಳಗೆ ಹೊಳೆಯೆಂದು ಕರೆಯಬಹುದಾದದ್ದು ಉಳಿದಿದ್ದುದು ಒಂದೇ ಕಡೆ. ವಿದ್ಯುದಾಗಾರದಿಂದ ಹೊರಬಿದ್ದ ನೀರು ಅಲ್ಲಿ ಉರುಟುಗಲ್ಲುಗಳ ಮೇಲೆ ತೆಳ್ಳಗೆ, ಚುರುಕಾಗಿ ಹರಿಯುತ್ತಿತ್ತು. ಆ ಕಲ್ಲುಗಳ ಅಡಿಯಲ್ಲಿ ಕಲ್ಲುನೆಕ್ಕಿ ಎಂಬ ಮೀನು ಮೊಟ್ಟೆಯಿಡುತ್ತಿತ್ತು. ಬೆರಳುದ್ದದ, ಬೂದುಬಣ್ಣದ, ನೋಡಲು ಏನೇನೂ ಚೆಂದವಿಲ್ಲದ ಮೀನು. ಮೇಲಿನ ಹೊಳೆಯೆಲ್ಲ ಜಲಾಶಯದಡಿ ಮುಳುಗಿದ ಮೇಲೆ, ಮೀನುಗಳ ಅಧ್ಯಯನವೇ ಕೆಲಸವಾದ ನನಗೆ ಎಷ್ಟು ಹುಡುಕಿದರೂ ಅದು ಬೇರೆಲ್ಲೂ ಸಿಕ್ಕಿರಲಿಲ್ಲ.

ಆ ವರ್ಷ ಮೊಟ್ಟೆ ಕಂಡ ದಿನವೇ ಅಕ್ಕನ ಮನೆಗೆ ಹೋದೆ. ಭಾವ ಅಣೆಕಟ್ಟಿನ ಮುಖ್ಯ ಎಂಜಿನಿಯರ್. ಪ್ರತಿವರ್ಷ ಆ ಹೊತ್ತಿಗೆ ತಳದ ಗೇಟು ತೆಗೆದು ಜಲಾಶಯದ ಹೂಳನ್ನು ಕೆಳಕ್ಕೆ ತಳ್ಳುವುದು ಅವರ ಪದ್ಧತಿ. ಹೂಳು ಕವಿದರೆ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ.

"ಭಾವ, ಎರಡು ವಾರ ತಳದ ಗೇಟು ಮುಟ್ಟಬೇಡಿ. ಮರಿ ಆಗ್ಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ."

"ಬಾಯಿಗೂ ಹಾಕ್ಕೊಳ್ಳೋಕಾಗದ ಮೀನಿಗೆ ಇಷ್ಟೊಂದು ಬಾಣಂತನಾನಾ?"

"ಅವಳು ಬಾಯಿಬಿಟ್ಟು ಕೇಳಿರೋದೇ ಇದೊಂದು," ಎಂದಳು ಅಕ್ಕ, ಚಹಾ ಸೋಸುತ್ತ. "ಮಾಡಿಕೊಡ್ರೀ."

"ಆಯ್ತಮ್ಮ, ಆಯ್ತು. ನಿನ್ನ ಮೀನಿಗೆ ಹೆರಿಗೆ ರಜೆ ಮಂಜೂರು."

ಭಾವ ಮಾತಿಗೆ ತಪ್ಪಲಿಲ್ಲ. ತಳದ ಗೇಟು ಮುಚ್ಚಿಯೇ ಇತ್ತು. ಆದರೆ ಕೊಟ್ಟ ಮಾತಿನ ಬಗ್ಗೆ ಅವರಿಗೆ ಅಷ್ಟೊಂದು ಹೆಮ್ಮೆ ಹುಟ್ಟೀತೆಂದು ನಾನು ಎಣಿಸಿರಲಿಲ್ಲ. ಅವರು ಮೇಲಿನವರಿಗೆ ಹೇಳಿದರು, ಮೇಲಿನವರು ಅವರಿಗಿಂತ ಮೇಲಿನವರಿಗೆ ಹೇಳಿದರು. ಒಂದು ಬೆಳಿಗ್ಗೆ ಭಾವನ ಫೋನು ಬಂತು.

"ಇವತ್ತು ನಿನ್ನ ಮೀನಿನ ಸಂರಕ್ಷಣಾ ವಲಯದ ಉದ್ಘಾಟನೆ ಕಣಮ್ಮ. ಆ ಕೆಸರು ಮೆತ್ತಿದ ಪ್ಯಾಂಟ್ ಬಿಟ್ಟು ಒಳ್ಳೇ ಬಟ್ಟೆ ಹಾಕ್ಕೊಂಡು ಬಾ."

ಜೀಪಿನಿಂದ ಇಳಿದಾಗ ಹೊಳೆಯ ಸದ್ದೇ ಇರಲಿಲ್ಲ. ಅತಿಥಿಗಳು ಹೊಳೆಯ ನಡುವಿಗೆ ನಡೆದುಹೋಗಿ ಮೊಟ್ಟೆ ನೋಡಲೆಂದು ಹಿಂದಿನ ಸಂಜೆಯೇ ಟರ್ಬೈನುಗಳನ್ನು ನಿಲ್ಲಿಸಿದ್ದರು. ಬಿಸಿಲಿಗೆ ಬಿಳುಚಿದ ಕಲ್ಲುಗಳ ಮೇಲೆ ಕೆಂಪು ಹಾಸು, ಅದರ ತುದಿಯಲ್ಲಿ ಶಾಮಿಯಾನ, ವೇದಿಕೆ, ಸಾಲು ಕುರ್ಚಿ. ಸತ್ತ ಮೀನುಗಳನ್ನು ಪೊರಕೆಯಿಂದ ಒಂದು ಮೂಲೆಗೆ ಗುಡಿಸಿ, ಮೇಲೆ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ನಾತ ಹೋಗಿರಲಿಲ್ಲ. ಅದಕ್ಕೇ ಒಬ್ಬಾತ ಕಕ್ಕಸಿಗೆ ಹೊಡೆಯುವ ಸುವಾಸನೆಯ ಡಬ್ಬಿ ಹಿಡಿದು ಹೊಳೆಯ ತುಂಬ ಸಿಂಪಡಿಸುತ್ತ ಓಡಾಡುತ್ತಿದ್ದ. ಮಲ್ಲಿಗೆಯ ಘಮದೊಳಗಿಂದ ಕೊಳೆತ ಮೀನು ಇನ್ನೂ ಜೋರಾಗಿ ಮೂಗಿಗೆ ಬಡಿಯಿತು.

"ಭಾವ, ನೀರೆಲ್ಲಿ?"

"ನೀರಿದ್ರೆ ಮೊಟ್ಟೆ ಹೇಗೆ ತೋರ್ಸೋದು? ತಳದ ಗೇಟು ಮುಟ್ಟಿಲ್ಲ ನೋಡು. ಮಾತಂದ್ರೆ ಮಾತು."

"ಒಣಗಿ ಸಾಯ್ತಿವೆ. ಈಗಲೇ ನೀರು ಬಿಡ್ಸಿ."

"ತಲೆ ಕೆಟ್ಟಿದೆಯಾ ನಿಂಗೆ? ಕುರ್ಚೀಲಿ ಕೂತಿರೋರೆಲ್ಲ ತೇಲ್ಕೊಂಡು ಹೋಗ್ಲಾ? ಭಾಷಣ ಮುಗೀಲಿ, ತಾಳು."

ಮಂಡಿಯೂರಿ ಕಲ್ಲುಗಳನ್ನು ತಿರುವಿ ನೋಡುತ್ತ ಹೋದೆ. ಗಾಜಿನಂತೆ ಪಾರದರ್ಶಕವಾಗಿರಬೇಕಾದ ಮೊಟ್ಟೆಗಳು ಬೆಳ್ಳಗೆ ಮುದುಡಿದ್ದವು. ಎಷ್ಟೋ ಕಡೆ ಬೂಟಿನಡಿ ಸಿಕ್ಕಿ ಅಂಟಿನಂತೆ ಲೊಳಲೊಳ ಆಗಿದ್ದವು. ಮುಖ್ಯ ಅತಿಥಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನನ್ನ ಪಕ್ಕಕ್ಕೆ ಬಂದರು.

"ಇದೇನಾ ಮೇಡಂ? ಇಷ್ಟೇನಾ?"

"ಇಷ್ಟೇ ಇದ್ದದ್ದು. ಎಲ್ಲ ಸತ್ತಿವೆ."

"ಅಯ್ಯೋ ಪಾಪ," ಎಂದು ಅವರು ಭಾವನ ಕಡೆ ತಿರುಗಿದರು. "ಹುರಿದ್ರೆ ಹೇಗಿರುತ್ತೇರೀ?"

ಸುತ್ತಲಿದ್ದವರೆಲ್ಲ ನಕ್ಕರು. ಭಾವ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕರು. ನಾನು ಮುಂದಿನ ಕಲ್ಲಿಗೆ ಸರಿದೆ.

ವೇದಿಕೆಯ ನೆರಳಲ್ಲಿ ಮೊರದಗಲದ ಗುಂಡಿಯೊಂದರಲ್ಲಿ ನೀರು ಉಳಿದಿತ್ತು. ಅದರೊಳಗಿನ ಕಲ್ಲನ್ನು ತಿರುವಿದರೆ ತಿಳಿಯಾದ ಮೊಟ್ಟೆಗಳು, ಪ್ರತಿಯೊಂದರಲ್ಲೂ ಎರಡು ಕಪ್ಪು ಚುಕ್ಕೆ. ಕಣ್ಣು ಮೂಡಿತ್ತು. ತಂಪುಪಾನೀಯದ ಬಕೆಟ್ಟಿನಿಂದ ಬಾಟಲಿಗಳನ್ನು ನೆಲಕ್ಕೆ ಸುರಿದು, ಆ ಗುಂಡಿಯ ನೀರನ್ನೇ ತೋಡಿಹಾಕಿ, ಕಲ್ಲನ್ನು ಅದರಲ್ಲಿಟ್ಟೆ.

"ಸಿಕ್ತಾ? ಕೊಡಿಲ್ಲಿ, ಸಾಹೇಬ್ರ ಕೈಲಿಟ್ಟು ಒಂದು ಫೋಟೋ ತೆಗ್ಸೋಣ," ಎಂದು ಭಾವ ಕೈ ಚಾಚಿದರು.

"ಮುಟ್ಟಬೇಡಿ."

ಅತಿಥಿಗಳ ಕಾರುಗಳು ಹೊರಟ ಮೇಲೆ ನೀರು ಬಿಡುವ ಸೈರನ್ ಕೂಗಿತು. ನಾನು ಬಕೆಟ್ಟನ್ನು ಜೀಪಿಗೇರಿಸುತ್ತಿದ್ದೆ. ಭಾವ ಬೆವರೊರೆಸಿಕೊಳ್ಳುತ್ತ ಬಂದರು.

"ಎಲ್ಲ ಸತ್ತಿವೆ ಅಂದ್ಯಲ್ಲ, ಅದಕ್ಕೇ ತಳದ ಗೇಟೂ ಇವತ್ತೇ ತೆಗೆಸ್ತಿದೀನಿ. ಇನ್ನು ಕಾದು ಏನು ಮಾಡೋದು, ಹೇಳು?"

ಅವರ ಮುಖದಲ್ಲಿ ಕೆಡುಕಿನ ಸುಳಿವೂ ಇರಲಿಲ್ಲ. ಕೆಲಸವೊಂದು ಬೇಗ ಮುಗಿದ ನೆಮ್ಮದಿಯಿತ್ತು. ನನಗೆ ಹೇಸಿಗೆಯಾದದ್ದು ಅದನ್ನು ನೋಡಿ. ಕಪ್ಪು ರಾಡಿ ಗಂಧಕದಂತೆ ನಾರುತ್ತ ಬಂದು ಕಲ್ಲುಗಳನ್ನೂ ತಿಂದೆಸೆದ ತಟ್ಟೆಗಳನ್ನೂ ಒಟ್ಟಿಗೆ ಮುಚ್ಚಿತು.

ಪ್ರಯೋಗಾಲಯದ ನಲ್ಲಿಯ ಕೆಳಗೆ, ಹರಿಯುವ ನೀರಿನಲ್ಲಿ, ಹಿಡಿಯಷ್ಟು ಮರಿಗಳಾದವು. ಅಕ್ಕನಿಂದ ಸುದ್ದಿ ತಿಳಿದ ಭಾವ ಫೋನು ಮಾಡಿದರು.

"ಭೇಷ್! ಆಫೀಸಿನ ಬಾಗಿಲಲ್ಲೇ ಗಾಜಿನ ತೊಟ್ಟಿ ಇಡ್ಸಿದೀನಿ, ಒಳಗೆ ನೀಲಿ ಲೈಟು. ಯಾವಾಗ ತರ್ತೀಯ?"

"ತರಲ್ಲ ಭಾವ."

"ಮತ್ತೆಲ್ಲಿ ಬಿಡ್ತೀಯ? ಕೆಳಗೆ ಹೊಳೆ ಎಲ್ಲಿದೆ ಈಗ?"

ಆ ಮಾತೊಂದನ್ನು ಅವರು ಸರಿಯಾಗಿಯೇ ಹೇಳಿದ್ದರು. ಪಕ್ಕದ ಕಣಿವೆಯಲ್ಲಿ ಒಂದು ಹಳ್ಳವಿತ್ತು. ಅದಕ್ಕೆ ಇನ್ನೂ ಯಾರೂ ಅಡ್ಡ ಕಟ್ಟಿರಲಿಲ್ಲ. ನೀರಿನ ತಂಪು, ಓಟ, ಕಲ್ಲಿನ ಗಾತ್ರ ಎಲ್ಲವನ್ನೂ ಅಳೆದು ನೋಡಿದೆ, ಹೊಂದಿಕೆಯಾಗುತ್ತಿತ್ತು. ಮರಿಗಳನ್ನು ಒಯ್ದು, ದಡದ ಬಂಡೆಗೆ ಕೈಯೂರಿ ಬಗ್ಗಿ, ಒಂದೊಂದಾಗಿ ಬಿಟ್ಟೆ. ಅವು ಕಲ್ಲುಗಳ ಸಂದಿಗೆ ನುಸುಳಿ ಕಾಣೆಯಾದವು. ಏಳುವಾಗ ಅಂಗೈ ಅಂಟಂಟಾಗಿತ್ತು. ತಿರುಗಿ ನೋಡಿದೆ. ಬಂಡೆಯ ಮೇಲೆ ಸರ್ವೆಯವರು ಬಾಣದ ಗುರುತೆಳೆದು, ಕೆಳಗೆ ಅಲ್ಲಿ ಬರಲಿರುವ ಅಣೆಕಟ್ಟಿನ ಎತ್ತರ ಬರೆದಿದ್ದರು. ಕೆಂಪು ಬಣ್ಣ ಇನ್ನೂ ಒಣಗಿರಲಿಲ್ಲ.