ಎಡಗೈಯ ಟ್ರಾನ್ಸ್‌ಮಿಟರ್

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಮಿನ್ನೆಸೋಟದ ಹಿಮದಲ್ಲೂ ಒಂದು ದಿನ ತಡ ಮಾಡಿದವಳಲ್ಲ. ಆ ಸ್ಟಿಯರಿಂಗೇ ನನ್ನ ಬಲಗೈ ಹೆಬ್ಬೆರಳನ್ನು ತಿಂದುಹಾಕಿತು, ಈಗ ಅದು ಮಡಚುವುದಿಲ್ಲ. ಎರಡು ಚಳಿಗಾಲ ಕೂತು ನಾನೇ ಅಂಟಿಸಿ, ಬಸ್ಸಿನ ಹಳದಿಯನ್ನೇ ಬಳಿದ ಮಾದರಿ ವಿಮಾನ ಹಾರಲು ಸಿದ್ಧವಾಗಿತ್ತು. ನೆಲದ ಮೇಲೆ ನಿಂತು ಅದನ್ನು ಹಾರಿಸುವ ಟ್ರಾನ್ಸ್‌ಮಿಟರ್ ಮಾತ್ರ ಇರಲಿಲ್ಲ.

ಮಾದರಿ ವಿಮಾನದ ಸಾಮಾನು ಮಾರುವ ಲುಂಡೀನನ ಅಂಗಡಿಗೆ ಅರ್ವಿಡ್‌ನನ್ನೂ ಕರೆದುಕೊಂಡು ಹೋದೆ. ನಮ್ಮ ಮಾದರಿ ವಿಮಾನ ಕ್ಲಬ್ಬಿನವರಿಗೆಲ್ಲ ಹಾರಿಸುವುದನ್ನು ಕಲಿಸಿದವನು ಅವನೇ. ಐದು ಟ್ರಾನ್ಸ್‌ಮಿಟರ್ ಹಿಡಿದು ನೋಡಿದೆ. ಎಲ್ಲದರಲ್ಲೂ ವಿಮಾನವನ್ನು ತಿರುಗಿಸುವ ಕಡ್ಡಿ ಬಲಕ್ಕೇ.

“ಇದು ಬಿಗಿ. ಇದು ಭಾರ,” ಎಂದೆ.

“ಕುಣೀಲಾರದವಳಿಗೆ ನೆಲ ಡೊಂಕು,” ಎಂದ ಅರ್ವಿಡ್.

“ನಿನ್ನ ಹೆಬ್ಬೆರಳಿಗೂ ಸಂಧಿವಾತ ಬರ್ಲಿ, ಆಗ ನಿನ್ನ ಕುಣಿತ ನೋಡ್ತೀನಿ.”

ಲುಂಡೀನ್ ಕೆಳಗಿನ ಖಾನೆಯಿಂದ ಇನ್ನೊಂದನ್ನು ತೆಗೆದ. “ಇದ್ರಲ್ಲಿ ಬಲಗೈ ಕೆಲಸಾನ ಎಡಗೈಗೆ ಬದಲಾಯಿಸ್ಬೋದಮ್ಮ.”

ಹಿಡಿದೆ. ಎಡ ಹೆಬ್ಬೆರಳು ಸಲೀಸಾಗಿ ಆಡಿತು. ಅರ್ವಿಡ್‌ನ ಮುಖ ಮಾತ್ರ ಸಪ್ಪಗಾಯಿತು.

“ಬೇಡ ಮಾರಾಯ್ತಿ. ವಿಮಾನ ಕೈಮೀರಿದ್ರೆ ಪಕ್ಕದವನ ಕೈಗೆ ಕೊಡೋದು ನಮ್ಮ ಪದ್ಧತಿ. ನನ್ನ ಹಳೇ ಟ್ರಾನ್ಸ್‌ಮಿಟರನ್ನ ಇದಕ್ಕೆ ಜೋಡಿಸಿ ಅದ್ರಿಂದ ಹಾರಿಸೋಣ ಅಂದ್ರೆ ಅದೂ ಆಗಲ್ಲ. ಎಡಗೈಲಿ ಹಾರಿಸೋಕೆ ನಮ್ಮಲ್ಲಿ ಯಾರಿಗೆ ಬರುತ್ತೆ ಹೇಳು? ಎರಡು ವರ್ಷದ ಕೆಲಸ ಒಂದೇ ಏಟಿಗೆ ಪುಡಿಯಾಗುತ್ತೆ.”

“ಬಲಗೈದು ತಗೊಂಡ್ರೆ ವಿಮಾನ ಸೂರಿಗೆ ನೇತಾಡ್ತಾನೇ ಇರುತ್ತೆ,” ಎಂದು ಎಡಗೈದನ್ನೇ ಕೊಂಡೆ. ಆದರೂ ವಾರವಿಡೀ ಅವನ ಮಾತೇ ನೆನಪಾಗುತ್ತಿತ್ತು.

ಶನಿವಾರ ಮೈದಾನಕ್ಕೆ ಬಂದ ಅರ್ವಿಡ್‌ನ ಎಡ ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು.

“ಸುತ್ತಿಗೇಲಿ ಹೊಡ್ಕೊಂಡ್ಯಾ?”

“ನೀನು ಸುಮ್ನೆ ಹಾರಿಸು.”

ಹಾರಿಸಿದೆ. ಮೂರು ಸುತ್ತು ಚೆನ್ನಾಗಿಯೇ ಹೋಯಿತು. ಇಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲೆ ಗಾಳಿ ಎದ್ದು ಒಂದು ರೆಕ್ಕೆ ವಾಲಿತು. ವಿಮಾನದ ಮೂತಿ ನನ್ನ ಕಡೆಗಿದೆಯೋ ಆಚೆಗಿದೆಯೋ ತಿಳಿಯಲೇ ಇಲ್ಲ. ಅದು ಜೋಳದ ಹೊಲದತ್ತ ಇಳಿಯತೊಡಗಿತು. ಟ್ರಾನ್ಸ್‌ಮಿಟರನ್ನು ಪಕ್ಕಕ್ಕೆ ಚಾಚಿದೆ.

“ಹಿಡ್ಕೋ, ಅರ್ವಿಡ್,” ಎಂದೆ. ಎಂದ ಮೇಲೆ ನೆನಪಾಯಿತು, ಇದು ಅವನಿಗೆ ಬರುವುದಿಲ್ಲ.

ಅವನು ತೆಗೆದುಕೊಂಡ. ಪಟ್ಟಿ ಕಟ್ಟಿದ ಹೆಬ್ಬೆರಳು ಕಡ್ಡಿಯನ್ನು ಮೆಲ್ಲಗೆ ಸರಿಸಿತು. ರೆಕ್ಕೆಗಳು ಸಮಕ್ಕೆ ಬಂದವು, ವಿಮಾನ ಮೇಲೇರಿತು.

“ಯಾವಾಗ ಕಲಿತ್ಯೋ?”

“ಈ ವಾರ, ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಆಟದಲ್ಲಿ. ಅರವತ್ತೇಳು ವಿಮಾನ ಮುರಿದೆ. ಬೆರಳಲ್ಲಿ ಬೊಕ್ಕೆ ಬಂತು. ಅರವತ್ತೆಂಟನೇದು ನೆಟ್ಟಗೆ ಇಳೀತು.”

ನನ್ನ ಕಣ್ಣು ತುಂಬಿತು. ಅದನ್ನು ಅವನು ನೋಡಲಿಲ್ಲ, ಅವನ ಕಣ್ಣು ವಿಮಾನದ ಮೇಲಿತ್ತು. ಅದನ್ನು ಗಾಳಿಗೆದುರು ತಿರುಗಿಸಿ, ಟ್ರಾನ್ಸ್‌ಮಿಟರನ್ನು ನನ್ನ ಕೈಗೇ ಕೊಟ್ಟ.

“ತಗೋ. ಇಳಿಸೋದು ನಿನ್ನ ಕೆಲಸ. ನಾನಿಲ್ಲೇ ಇದ್ದೀನಿ.”

ಹಳದಿ ವಿಮಾನ ಹುಲ್ಲಿನ ಮೇಲೆ ಎರಡು ಸಲ ಕುಪ್ಪಳಿಸಿ, ಧಡಕ್ಕೆಂದು ನಿಂತಿತು. ಎಲ್ಲೂ ಮುರಿದಿರಲಿಲ್ಲ.

ಅರ್ವಿಡ್ ಎಡಗೈಯನ್ನು ಜೇಬಿಗಿಳಿಸಿದ. “ಮೂವತ್ತೊಂದು ವರ್ಷ ಬಸ್ಸನ್ನೂ ಹೀಗೇ ನಿಲ್ಲಿಸ್ತಿದ್ಯಾ? ಪಾಪ, ಆ ಮಕ್ಕಳು,” ಎಂದ.